ಮಾಲಿಕ್ಯುಲರ್ ಜೆನೆಟಿಕ್ಸ್ ಪಿಎಚ್‌ಡಿ: ವಿಜ್ಞಾನಿಯ ಪಬ್ಲಿಕೇಶನ್ ಲಿಸ್ಟ್ ಓದುವುದು ಹೇಗೆ?

ಪೆರ್ಲದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಪೆರ್ಲದವಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಈಗ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಜೀನೋಮಿಕ್ ಸೈನ್ಸ್ ಎಂಎಸ್ಸಿ ಮುಗಿಯುತ್ತಾ ಬಂತು. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕಿದೆ. ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಹಾಗಾಗಿ ದುಡ್ಡಿನ ಚಿಂತೆ ಇಲ್ಲ. ಚಿಂತೆ ಇರುವುದು ಗೈಡ್ ವಿಷಯದಲ್ಲಿ.

ಇಬ್ಬರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಇಬ್ಬರೂ ಮಾಲಿಕ್ಯುಲರ್ ಜೆನೆಟಿಕ್ಸ್‌ನವರೇ. ಒಬ್ಬರ ವೆಬ್‌ಸೈಟಿನಲ್ಲಿ 140ಕ್ಕಿಂತ ಜಾಸ್ತಿ ಪೇಪರ್ (ಸಂಶೋಧನಾ ಲೇಖನ) ಉಂಟು. ಕ್ಯಾನ್ಸರ್, ಮೀನು, ಔಷಧಿ ಗಿಡ, ಬ್ಯಾಕ್ಟೀರಿಯಾ, ಎಲ್ಲ ಇದೆ. ಇನ್ನೊಬ್ಬರದ್ದು ಬರೇ 31. ಅವರು ಶುರುವಿನಿಂದಲೂ ತೋಟದ ಮರಗಳ ಮೇಲೆಯೇ ಕೆಲಸ ಮಾಡಿದವರು. ಅಪ್ಪನಿಗೆ ಕೇಳಿದರೆ "ಜಾಸ್ತಿ ಕೆಲಸ ಮಾಡಿದವರ ಹತ್ತಿರ ಹೋಗು ಮಗಳೇ" ಅಂದರು. ನಮ್ಮ ಮನೆಯಲ್ಲಿ ಪಿಎಚ್‌ಡಿ ಮಾಡಿದವರು ಯಾರೂ ಇಲ್ಲ, ಅಪ್ಪನಿಗೆ ಬೇರೆ ಹೇಗೆ ಹೇಳಲು ಸಾಧ್ಯ?

ಲಿಸ್ಟ್ ತೆರೆದರೆ ನನಗೆ ತಲೆಬುಡ ಗೊತ್ತಾಗುವುದಿಲ್ಲ. ಹೆಸರುಗಳ ಸಾಲು, ಅದರಲ್ಲಿ ಒಂದು ದಪ್ಪ ಅಕ್ಷರದಲ್ಲಿ, ಕೆಲವಕ್ಕೆ ನಕ್ಷತ್ರದ ಗುರುತು. ಇದನ್ನು ಹೇಗೆ ಓದಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ. ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಉಪ್ಪಳದ ಇಂಜಿನಿಯರ್:

ನಾನು ಬಯಾಲಜಿಯವನಲ್ಲ. ಆದರೆ ನನ್ನ ಅಣ್ಣ ಪಿಎಚ್‌ಡಿ ಮುಗಿಸಿ ಹೊರದೇಶದಲ್ಲಿದ್ದಾನೆ. ಅವನು ಹೇಳುವ ಪ್ರಕಾರ ಎಚ್-ಇಂಡೆಕ್ಸ್ ನೋಡಿದರೆ ಸಾಕು. ಎಚ್-ಇಂಡೆಕ್ಸ್ 20 ಅಂದರೆ ಕನಿಷ್ಠ 20 ಸಲ ಬೇರೆಯವರು ಉಲ್ಲೇಖಿಸಿದ 20 ಪೇಪರ್ ಅವರದ್ದು ಉಂಟು ಅಂತ ಅರ್ಥ. ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿದರೆ ಬಲಗಡೆ ಬರುತ್ತದೆ. ದೊಡ್ಡ ಲ್ಯಾಬಿಗೆ ಹೋದರೆ ನಿಮ್ಮ ಹೆಸರೂ ಬೇಗ ಬೇಗ ಪೇಪರಿನಲ್ಲಿ ಬರುತ್ತದೆ, ಮುಂದೆ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಗೆ, ಅನುಕೂಲ. ನಾನಾದರೆ 140ರ ಕಡೆಗೆ ಹೋಗುತ್ತಿದ್ದೆ.

ನೀರ್ಚಾಲು ಅಕ್ಕ:

ತಂಗೀ, ಮೊದಲು ಅಭಿನಂದನೆ. ಜೆಆರ್‌ಎಫ್ ಕೈಯಲ್ಲಿರುವವಳಿಗೆ ಒಂದು ಬಲ ಉಂಟು. ನಿನ್ನ ಸಂಬಳವನ್ನು ನೀನೇ ತೆಗೆದುಕೊಂಡು ಹೋಗುತ್ತೀಯ, ಯಾರ ಹಂಗೂ ಇಲ್ಲ. ಹಾಗಾಗಿ ಧೈರ್ಯವಾಗಿ ಆರಿಸು.

ನಾನು ನೀರ್ಚಾಲಿನವಳು. ನಾನೂ ಕನ್ನಡ ಮೀಡಿಯಮ್ಮೇ. ತೊಂಬತ್ತರ ದಶಕದಲ್ಲಿ ಹೈದರಾಬಾದಿಗೆ ಹೋಗಿ ಮಾಲಿಕ್ಯುಲರ್ ಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದೆ. ಆಮೇಲೆ ಭತ್ತದ ರೋಗಗಳ ಮೇಲೆ ಕೆಲಸ. ಈಗ ನಿವೃತ್ತಿಯಾಗಿ ಊರಿಗೆ ಬಂದಿದ್ದೇನೆ. ಕೆಲಸಕ್ಕೆ ಜನ ತೆಗೆದುಕೊಳ್ಳುವ ಕಮಿಟಿಗಳಲ್ಲಿ ಕುಳಿತು ಇಂಥ ಲಿಸ್ಟ್‌ಗಳನ್ನು ತುಂಬಾ ಓದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಮಾಧಾನದಿಂದ ಓದು.

ಲಿಸ್ಟನ್ನು ಕೆಳಗಿನಿಂದ ಮೇಲಕ್ಕೆ ಓದು. ಎಲ್ಲರೂ ಹೊಸ ಪೇಪರನ್ನು ಮೇಲೆ ಹಾಕುತ್ತಾರೆ, ನಾವು ಅಲ್ಲೇ ನಿಲ್ಲುತ್ತೇವೆ. ನೀನು ತೀರಾ ಕೆಳಗೆ ಹೋಗಿ ಅವರ ಮೊದಲ ಪೇಪರ್ ಯಾವುದು ಅಂತ ನೋಡು. ಆ ಪೇಪರಿನಲ್ಲಿ ಅವರು ಎಂತ ಪ್ರಶ್ನೆ ಕೇಳಿದ್ದರು? ಐದು ವರ್ಷದ ನಂತರ ಆ ಪ್ರಶ್ನೆ ಎಲ್ಲಿಗೆ ಬಂತು? ಹತ್ತು ವರ್ಷಕ್ಕೆ? ಒಂದೇ ಪ್ರಶ್ನೆ ಬೆಳೆಯುತ್ತಾ ಹೋಗಿದೆಯೋ ಅಥವಾ ಪ್ರತಿ ಎರಡು ವರ್ಷಕ್ಕೆ ವಿಷಯವೇ ಬದಲಾಗಿದೆಯೋ, ಅದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಅದು ಗೊತ್ತಾದರೆ ಗೈಡ್ ಅರ್ಧ ಗೊತ್ತಾದ ಹಾಗೆ.

ಸುಮ್ನೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಬ್ಬರ ಲಿಸ್ಟನ್ನೇ ತೆಗೆದುಕೊಳ್ಳುವ. ಲಾಲ್‌ಜಿ ಸಿಂಗ್ ಅಂತ ಕೇಳಿರಬೇಕು ನೀನು. ನಮ್ಮ ದೇಶದಲ್ಲಿ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್, ಅಂದರೆ ಡಿಎನ್‌ಎ ನೋಡಿ ವ್ಯಕ್ತಿ ಯಾರು ಅಂತ ಗುರುತಿಸುವುದನ್ನು, ಶುರು ಮಾಡಿದವರು. 1947ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಕಲ್ವಾರಿ ಎಂಬ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಅವರ ಲಿಸ್ಟಿನ ತಳದಲ್ಲಿ ಇರುವುದು ಫಿಂಗರ್‌ಪ್ರಿಂಟ್ ಅಲ್ಲ, ಮನುಷ್ಯನ ವಿಷಯವೂ ಅಲ್ಲ. ಇರುವುದು ಹಾವುಗಳು.

1972ರಲ್ಲಿ ಕ್ರೋಮೋಸೋಮಾ ಎಂಬ ಪತ್ರಿಕೆಯಲ್ಲಿ ಹಾವುಗಳ ಕ್ರೋಮೋಸೋಮ್‌ಗಳು (ಜೀವಕೋಶದೊಳಗಿನ ಡಿಎನ್‌ಎ ಕಟ್ಟುಗಳು) ಹೇಗೆ ಬದಲಾಗುತ್ತಾ ಬಂದವು ಅಂತ ಐವತ್ತು ಪುಟದ ಪೇಪರ್ ಉಂಟು. ಲೇಖಕರ ಜಾಗದಲ್ಲಿ ಒಂದೇ ಹೆಸರು, ಅವರದ್ದು. ಪಿಎಚ್‌ಡಿ ಆಗಿ ಹೆಚ್ಚು ಸಮಯ ಆಗಿರಲಿಲ್ಲ. ಇದನ್ನು ನೋಡಿದಾಗ ನನಗೆ ಎರಡು ವಿಷಯ ಕಾಣುತ್ತದೆ. ಹುಡುಗ ತಾನೇ ಕುಳಿತು ಸ್ಲೈಡ್ ನೋಡಿ, ತಾನೇ ಯೋಚಿಸಿ, ತಾನೇ ಬರೆದಿದ್ದಾನೆ. ಮತ್ತೆ, ಗೈಡ್ ಆಗಿದ್ದ ಎಸ್.ಪಿ. ರೇ-ಚೌಧುರಿ ಆ ಪೇಪರಿನ ಮೇಲೆ ತಮ್ಮ ಹೆಸರು ಹಾಕಿಕೊಂಡಿಲ್ಲ. ಅಂಥ ಗೈಡ್ ಸಿಗುವುದು ಪುಣ್ಯ.

ಪ್ರಶ್ನೆ ಎಂತ ಅಂದರೆ, ನಾಗರ, ಕ್ರೇಟ್ ಥರದ ಹಾವುಗಳಲ್ಲಿ ಹೆಣ್ಣಿಗೆ ಝಡ್ ಮತ್ತು ಡಬ್ಲ್ಯು ಎಂಬ ಎರಡು ಬೇರೆ ಬೇರೆ ಕ್ರೋಮೋಸೋಮ್ ಇರುತ್ತದೆ. ಗಂಡಿಗೆ ಎರಡೂ ಝಡ್. ಒಂದು ಕಾಲದಲ್ಲಿ ಒಂದೇ ಥರ ಇದ್ದ ಜೋಡಿಯಲ್ಲಿ ಡಬ್ಲ್ಯು ಮಾತ್ರ ಹೇಗೆ ಬೇರೆಯಾಯಿತು? 1974ರಲ್ಲಿ ಅವರು ಎಡಿನ್‌ಬರೋಗೆ ಹೋದರು. ಅಲ್ಲಿ ಕೆ.ಡಬ್ಲ್ಯು. ಜೋನ್ಸ್ ಅವರ ಲ್ಯಾಬು. 1980ರಲ್ಲಿ ಮತ್ತೆ ಅದೇ ಕ್ರೋಮೋಸೋಮಾ ಪತ್ರಿಕೆಯಲ್ಲಿ ಪೇಪರ್ ಬಂತು. ಹಳದಿ-ಕಪ್ಪು ಪಟ್ಟೆಯ ವಿಷದ ಹಾವು ಉಂಟಲ್ವಾ, ಬ್ಯಾಂಡೆಡ್ ಕ್ರೇಟ್, ಅದರ ಹೆಣ್ಣಿನ ಡಿಎನ್‌ಎಯಿಂದ ಒಂದು ತುಂಡನ್ನು ಬೇರ್ಪಡಿಸಿದರು. ಡಿಎನ್‌ಎ ಅಕ್ಷರಗಳ ಒಂದು ಸಣ್ಣ ಸಾಲು ಮತ್ತೆ ಮತ್ತೆ ಬರುವ ತುಂಡು ಅದು, ಡಬ್ಲ್ಯು ಕ್ರೋಮೋಸೋಮಿನಲ್ಲಿ ರಾಶಿ ಬಿದ್ದಿರುವಂಥದ್ದು. ಹೆಸರು ಬಿಕೆಎಂ ಅಂತ ಇಟ್ಟರು. ಮುಖ್ಯವಾಗಿ ಜಿ-ಎ-ಟಿ-ಎ ಎಂಬ ನಾಲ್ಕೇ ಅಕ್ಷರ ಸಾಲಾಗಿ ಬರುತ್ತಾ ಹೋಗುತ್ತದೆ. ಹಾವಿನಲ್ಲಿ ಮಾತ್ರ ಅಲ್ಲ, ಬೇರೆ ಪ್ರಾಣಿಗಳಲ್ಲೂ ಇದು ಉಂಟು, ಮನುಷ್ಯನಲ್ಲೂ ಉಂಟು.

ಈ 1980ರ ಪೇಪರಿನ ಹೆಸರುಗಳ ಸಾಲು ನೋಡು: ಸಿಂಗ್, ಪರ್ಡಮ್, ಜೋನ್ಸ್. ನೀನು ಕೇಳಿದ್ದಕ್ಕೆ ಉತ್ತರ ಇಲ್ಲೇ ಉಂಟು. ನಮ್ಮ ವಿಷಯದಲ್ಲಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದ್ದು. ಕೊನೆಯ ಹೆಸರು ಲ್ಯಾಬಿನ ಯಜಮಾನರದ್ದು, ಹಣ ತಂದವರು, ಜವಾಬ್ದಾರಿ ಹೊತ್ತವರು. ನಡುವಿನವರು ಸಹಾಯ ಮಾಡಿದವರು. ನಕ್ಷತ್ರ ಇದ್ದರೆ ಸಾಮಾನ್ಯವಾಗಿ ಪತ್ರವ್ಯವಹಾರ ಅವರ ಹತ್ತಿರ ಅಂತ ಅರ್ಥ. ಕೆಲವು ಕಡೆ ಇಬ್ಬರ ಪಾಲು ಸಮ ಅಂತಲೂ ಗುರುತು ಹಾಕುತ್ತಾರೆ, ಅಡಿಯಲ್ಲಿ ಸಣ್ಣಕ್ಕೆ ಬರೆದಿರುತ್ತದೆ, ಅದನ್ನು ಓದು. ಗಣಿತದವರಲ್ಲಿ, ಎಕನಾಮಿಕ್ಸ್‌ನವರಲ್ಲಿ ಹೆಸರು ಅಕ್ಷರಮಾಲೆಯ ಕ್ರಮದಲ್ಲಿ ಬರುವುದೇ ಜಾಸ್ತಿ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಈಗ ಮೇಲಕ್ಕೆ ಬಾ. 2009, ನೇಚರ್ ಪತ್ರಿಕೆ. ಭಾರತದ 25 ಸಮುದಾಯಗಳ 132 ಜನರ ಡಿಎನ್‌ಎ ನೋಡಿ, ನಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲರೂ ಎರಡು ಹಳೆಯ ಜನಸಮೂಹಗಳ ಮಿಶ್ರಣ ಎಂದು ತೋರಿಸಿದ ಪೇಪರ್. ಒಳಗೊಳಗೇ ಮದುವೆಯಾಗುತ್ತಾ ಬಂದದ್ದರಿಂದ ಕೆಲವು ಸಮುದಾಯಗಳಲ್ಲಿ ಆನುವಂಶಿಕ ಕಾಯಿಲೆ ಜಾಸ್ತಿ ಇರಬಹುದು ಅಂತಲೂ ಅದು ಹೇಳಿತು. ಮೊದಲ ಹೆಸರು ಡೇವಿಡ್ ರೈಕ್, ಎರಡನೆಯದು ಕುಮಾರಸ್ವಾಮಿ ತಂಗರಾಜ್, ಕೊನೆಯದು ಲಾಲ್‌ಜಿ ಸಿಂಗ್. ಒಬ್ಬರೇ ಬರೆದ 1972, ಮೊದಲ ಹೆಸರಾಗಿ ನಿಂತ 1980, ಕೊನೆಗೆ ನಿಂತ 2009. ನಡುವೆ 1987ರಲ್ಲಿ ಅವರು ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣುಜೀವವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಬಂದರು, 1998ರಿಂದ ಅದರ ನಿರ್ದೇಶಕರೂ ಆದರು. ಹೆಸರಿನ ಜಾಗ ಬದಲಾದದ್ದನ್ನು ನೋಡಿದರೇ ಇಡೀ ಬದುಕು ಗೊತ್ತಾಗುತ್ತದೆ. ಅದಕ್ಕೇ ನಾನು ಕೆಳಗಿನಿಂದ ಓದು ಅಂದದ್ದು.

ಇನ್ನು ನಮ್ಮ ಊರಿನ ಪಕ್ಕದ್ದು. ಆ ಹಾವಿನ ಡಿಎನ್‌ಎ ತುಂಡು ನಮ್ಮ ತಲಶ್ಶೇರಿಯ ಕೋರ್ಟಿಗೆ ಬಂತು ಅಂತ ಎಷ್ಟು ಜನಕ್ಕೆ ಗೊತ್ತುಂಟು? ಮನುಷ್ಯರಲ್ಲಿ ಈ ಸಾಲು ಎಷ್ಟು ಸಲ ಮರುಕಳಿಸುತ್ತದೆ ಎಂಬುದು ಒಬ್ಬರಿಂದ ಒಬ್ಬರಿಗೆ ಬೇರೆ. ಪರೀಕ್ಷೆಯ ಫಿಲ್ಮಿನಲ್ಲಿ ಇದು ಕಪ್ಪು ಗೆರೆಗಳ ಪಟ್ಟಿಯಾಗಿ ಕಾಣುತ್ತದೆ. ಮಗುವಿನ ಪಟ್ಟಿಗಳಲ್ಲಿ ಅರ್ಧದಷ್ಟು ತಾಯಿಯಿಂದ, ಉಳಿದದ್ದು ತಂದೆಯಿಂದ ಬಂದಿರಲೇಬೇಕು. ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ 1984ರಲ್ಲಿ ತಮ್ಮದೇ ಬೇರೆ ತುಂಡಿನಿಂದ ಇದನ್ನು ಕಂಡುಹಿಡಿದಿದ್ದರು, ಆದರೆ ಅದಕ್ಕೆ ಪೇಟೆಂಟ್ ಇತ್ತು. ಸಿಸಿಎಂಬಿಯಲ್ಲಿ ಬಿಕೆಎಂ ಬಳಸಿ ನಮ್ಮದೇ ಪರೀಕ್ಷೆ ತಯಾರಾಯಿತು. ತಲಶ್ಶೇರಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಬ್ಬ ತಾಯಿ ತನ್ನ ಮಗುವಿನ ಜೀವನಾಂಶಕ್ಕೆ ಕೇಸು ಹಾಕಿದ್ದಳು. ತಂದೆ ಅಂತ ಅವಳು ಹೆಸರಿಸಿದ ಗಂಡಸು ಮಗು ತನ್ನದಲ್ಲ ಅಂತ ಹೇಳಿದ. ಡಿಎನ್‌ಎ ಪರೀಕ್ಷೆ ಆತನೇ ತಂದೆ ಎಂದು ತೋರಿಸಿತು. 1991ರಲ್ಲಿ ಕೇರಳ ಹೈಕೋರ್ಟು ಆ ಸಾಕ್ಷ್ಯವನ್ನು ಎತ್ತಿ ಹಿಡಿಯಿತು. ನಮ್ಮ ದೇಶದಲ್ಲಿ ಡಿಎನ್‌ಎ ನಂಬಿ ತಂದೆ ಯಾರು ಅಂತ ತೀರ್ಮಾನವಾದ ಮೊದಲ ಕೇಸು ಅದು. ಹಾವಿನ ಕ್ರೋಮೋಸೋಮಿನ ಹಿಂದೆ ಬಿದ್ದಾಗ ಬನಾರಸ್ಸಿನ ಆ ಹುಡುಗನ ಮನಸ್ಸಿನಲ್ಲಿ ತಲಶ್ಶೇರಿಯ ಮಗು ಇರಲಿಲ್ಲ. ಪ್ರಶ್ನೆ ಬಿಡದೆ ಹಿಡಿದದ್ದರಿಂದ ಅಲ್ಲಿಗೆ ಬಂತು.

ನಾನು ಹೈದರಾಬಾದಿನಲ್ಲಿ ಇದ್ದಾಗ ನಮಗೂ ಇದೇ ವಿಧಾನ, ಸದರ್ನ್ ಬ್ಲಾಟ್. ಈಗಿನ ಮಕ್ಕಳಿಗೆ ಮಾಡಿ ಗೊತ್ತಿರುವುದಿಲ್ಲ, ಹಾಗಾಗಿ ಹೇಳುತ್ತೇನೆ. ಡಿಎನ್‌ಎಯನ್ನು ಎಂಜೈಮಿನಿಂದ ಕತ್ತರಿಸಿ ಅಗರೋಸ್ ಜೆಲ್‌ನಲ್ಲಿ ರಾತ್ರಿಯಿಡೀ ಓಡಿಸುತ್ತಿದ್ದೆವು. ಮರುದಿನ ಜೆಲ್ ಮೇಲೆ ನೈಲಾನ್ ಹಾಳೆ ಇಟ್ಟು, ಅದರ ಮೇಲೆ ಒಂದು ಗೇಣು ಎತ್ತರಕ್ಕೆ ಟಿಶ್ಯೂ ಪೇಪರ್ ಪೇರಿಸಿ, ಮೇಲೆ ಗಾಜಿನ ತಟ್ಟೆ ಮತ್ತು ಭಾರ. ಟಿಶ್ಯೂ ನೀರು ಹೀರುತ್ತಾ ಹೋದ ಹಾಗೆ ಡಿಎನ್‌ಎ ಹಾಳೆಗೆ ಏರುತ್ತದೆ. ನಡುವೆ ಒಂದು ಸಣ್ಣ ಗಾಳಿಗುಳ್ಳೆ ಇದ್ದರೂ ಅಲ್ಲಿ ಏನೂ ಬರುವುದಿಲ್ಲ, ಹಾಗಾಗಿ ಗಾಜಿನ ಪಿಪೆಟ್ ಉರುಳಿಸಿ ಗುಳ್ಳೆ ಓಡಿಸಬೇಕು. ಆಮೇಲೆ ರೇಡಿಯೋ ಫಾಸ್ಫರಸ್ ಹಚ್ಚಿದ ಪ್ರೋಬ್, ಅಂದರೆ ನಮಗೆ ಬೇಕಾದ ಸಾಲಿಗೆ ಹೋಗಿ ಅಂಟುವ ಡಿಎನ್‌ಎ ತುಂಡು. ಆ ಫಾಸ್ಫರಸ್ಸಿನ ಅರ್ಧಾಯುಷ್ಯ 14 ದಿನ, ಬಂದ ಕೂಡಲೇ ಬಳಸಬೇಕು. ಎಕ್ಸ್‌ರೇ ಫಿಲ್ಮ್ ಇಟ್ಟು ಮೈನಸ್ 70 ಡಿಗ್ರಿಯ ಫ್ರೀಜರಿನಲ್ಲಿ ಕಾಯುವುದು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಫಿಲ್ಮನ್ನು ಡೆವಲಪರ್‌ನಲ್ಲಿ ಅಲ್ಲಾಡಿಸುವಾಗ ಒಂದೊಂದೇ ಕಪ್ಪು ಪಟ್ಟಿ ಏಳುತ್ತದೆ. ಆಗ ಆಗುವ ಖುಷಿ ಈಗಲೂ ನನಗೆ ನೆನಪುಂಟು. ಪೇಪರಿನಲ್ಲಿ ಇದು ಒಂದು ಸಣ್ಣ ಚಿತ್ರ, ಕೆಳಗೆ ಎರಡು ಸಾಲು. ಒಂದು ಚಿತ್ರದ ಹಿಂದೆ ವಾರಗಟ್ಟಲೆ ಕೆಲಸ ಇರುತ್ತದೆ ಅಂತ ಗೊತ್ತಿದ್ದವರು ಪೇಪರ್‌ಗಳನ್ನು ಬರೇ ಎಣಿಸಿ ಬಿಡುವುದಿಲ್ಲ.

ಮತ್ತೊಂದು, ಇದು ನಿನಗೆ ಎಲ್ಲಕ್ಕಿಂತ ಮುಖ್ಯ. ಗೈಡಿನ ಹೆಸರನ್ನು ಬಿಟ್ಟು ಮೊದಲ ಹೆಸರುಗಳನ್ನು ಮಾತ್ರ ಒಂದು ಕಾಗದದಲ್ಲಿ ಬರಿ. ಅವರಲ್ಲಿ ಆ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಗಳು ಎಷ್ಟು? ಶೋಧಗಂಗಾದಲ್ಲಿ ಗೈಡಿನ ಹೆಸರು ಹಾಕಿದರೆ ಅವರ ಕೈಕೆಳಗೆ ಆದ ಥೀಸಿಸ್‌ಗಳು ಸಿಗುತ್ತವೆ, ಪುಕ್ಕಟೆ. ಥೀಸಿಸ್ ಬರೆದ ಹುಡುಗ ಹುಡುಗಿಯರ ಹೆಸರು ಪೇಪರಿನಲ್ಲಿ ಮೊದಲು ಬಂದಿದೆಯಾ ನೋಡು. ಥೀಸಿಸ್ ಉಂಟು, ಆದರೆ ಅದೇ ಕೆಲಸದ ಪೇಪರಿನಲ್ಲಿ ಆ ವಿದ್ಯಾರ್ಥಿ ಮೂರನೆಯವಳೋ ನಾಲ್ಕನೆಯವಳೋ ಆಗಿದ್ದರೆ ನಾನು ಅಲ್ಲಿಗೆ ಯಾರನ್ನೂ ಕಳಿಸುವುದಿಲ್ಲ. ನಾನು ಮುಂದೆ ಕೆಲಸ ಮಾಡಿದ ಒಂದು ಕಡೆ ಇದನ್ನು ಕಣ್ಣಾರೆ ನೋಡಿದ್ದೇನೆ. ಎಲ್ಲ ಪ್ರಯೋಗ ಮಾಡಿದ ಹುಡುಗಿಯ ಹೆಸರು ಕಳಿಸುವ ಹಿಂದಿನ ದಿನ ಹಿಂದಕ್ಕೆ ಹೋಯಿತು, ಹಾಸ್ಟೆಲಿನಲ್ಲಿ ಅವಳು ಊಟ ಬಿಟ್ಟು ಅತ್ತದ್ದು ಗೊತ್ತುಂಟು ನನಗೆ. ಅವಳು ಅಲ್ಲಿಂದ ಬಿಟ್ಟು ಹೋದಳು. ಒಳ್ಳೆಯ ಕೈ ಇತ್ತು ಅವಳದ್ದು.

ಇಂಜಿನಿಯರ್ ತಮ್ಮ ಹೇಳಿದ ಎಚ್-ಇಂಡೆಕ್ಸ್ ತಪ್ಪು ಅಂತ ಅಲ್ಲ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಅದನ್ನು ತಂದದ್ದು. ಆದರೆ ವಯಸ್ಸಾದ ಹಾಗೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಮತ್ತೆ ಕೆಲಸ ಯಾರು ಮಾಡಿದ್ದು ಅಂತ ಅದರಲ್ಲಿ ಇರುವುದಿಲ್ಲ. ಅದನ್ನು ನೋಡಿ ಗೈಡ್ ಆರಿಸಬೇಡ.

ಕುಂಬಳೆ ತೆಂಗಿನ ತೋಟ:

ಅಕ್ಕ ಬರೆದದ್ದು ಓದಿ ನನಗೂ ಎರಡು ಮಾತು ಹೇಳಬೇಕು ಅನಿಸಿತು. ನಾನು ತೆಂಗಿನ ಸಂಶೋಧನೆಯ ತೋಟದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿಜ್ಞಾನಿ ಅಲ್ಲ, ಮರ ಹತ್ತಿಸುವುದು, ಹೊಂಬಾಳೆಗೆ ಚೀಲ ಕಟ್ಟಿಸುವುದು, ಲೆಕ್ಕ ಬರೆಯುವುದು ನನ್ನ ಕೆಲಸ.

ಮರದ ಮೇಲೆ ಕೆಲಸ ಮಾಡುವವರ 31 ಪೇಪರ್ ಕಡಿಮೆ ಅಂತ ಹೇಳಬೇಡಿ. ಎತ್ತರದ ತೆಂಗು ಹೂ ಬಿಡಲು ಆರೇಳು ವರ್ಷ ಬೇಕು. ಮಿಶ್ರತಳಿ ಮಾಡಬೇಕಾದರೆ ಹೊಂಬಾಳೆ ಒಡೆದ ಕೂಡಲೇ ಗಂಡು ಹೂಗಳನ್ನೆಲ್ಲ ಕೈಯಲ್ಲಿ ಕಿತ್ತು ತೆಗೆದು ಚೀಲ ಕಟ್ಟಬೇಕು. ಹೆಣ್ಣು ಹೂ ತಯಾರಾದಾಗ ಟಾಲ್ಕ್ ಪುಡಿಗೆ ಬೆರೆಸಿದ ಪರಾಗವನ್ನು ಅದರ ಮೇಲೆ ಊದಬೇಕು. ಇಷ್ಟೂ ಮರದ ತುದಿಯಲ್ಲಿ ಕುಳಿತು. ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ. ಮೊಳಕೆ, ನರ್ಸರಿ, ಮತ್ತೆ ನೆಡುವುದು. ಆ ಮರ ಎಷ್ಟು ಕಾಯಿ ಕೊಡುತ್ತದೆ ಅಂತ ಭರವಸೆಯಿಂದ ಹೇಳಬೇಕಾದರೆ ಮತ್ತೂ ವರ್ಷಗಳು. ಬ್ಯಾಕ್ಟೀರಿಯಾಕ್ಕೆ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ತಲೆಮಾರು ಆಗುತ್ತದಂತೆ.

ನಮ್ಮ ಜಿಲ್ಲೆಯ ನೀಲೇಶ್ವರದಲ್ಲೇ 1932ರಲ್ಲಿ ಎತ್ತರದ ತೆಂಗು ಮತ್ತು ಗಿಡ್ಡ ತೆಂಗನ್ನು ಕೂಡಿಸಿದ್ದು. ಆ ಸಸಿಗಳಿಗೆ ತಂದೆತಾಯಿಗಿಂತ ಹೆಚ್ಚು ಶಕ್ತಿ ಉಂಟು ಅಂತ ಜೆ.ಎಸ್. ಪಟೇಲ್ ಅವರು 1937ರಲ್ಲಿ ವರದಿ ಮಾಡಿದರು. ತೆಂಗಿನಲ್ಲಿ ಮಿಶ್ರತಳಿಯ ಕಸುವನ್ನು ಜಗತ್ತಿಗೇ ಮೊದಲು ಹೇಳಿದ್ದು ಅದು. ಆಗ ಕಾಸರಗೋಡು ಮದ್ರಾಸ್ ಸರಕಾರದ ಕೆಳಗೆ ಇತ್ತು. ಇಲ್ಲಿಯ ತೆಂಗಿನ ಕೇಂದ್ರ 1916ರಷ್ಟು ಹಿಂದೆಯೇ ಶುರುವಾಗಿತ್ತು, 1970ರಲ್ಲಿ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಆಯಿತು.

ಡಿಎನ್‌ಎಯವರು ಬಂದ ಮೇಲೆ ನಮಗೆ ಒಂದು ಅನುಕೂಲ ಆದದ್ದು ನಾನು ನೋಡಿದ್ದೇನೆ. ಕಿತ್ತಳೆ ಬಣ್ಣದ ಗಿಡ್ಡ ತೆಂಗು ತಾಯಿಯಾದರೆ ಸಸಿಯ ದಂಟಿನ ಬಣ್ಣ ನೋಡಿ ಮಿಶ್ರತಳಿ ಹೌದೋ ಅಲ್ಲವೋ ಹೇಳಬಹುದು. ಎಲ್ಲ ಜೋಡಿಗೂ ಹಾಗೆ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲೆಯ ಒಂದು ಚೂರು ಕೊಟ್ಟರೆ ಡಿಎನ್‌ಎಯಲ್ಲಿರುವ ಗುರುತು, ಮಾರ್ಕರ್ ಅಂತಾರೆ, ಅದನ್ನು ನೋಡಿ ನರ್ಸರಿಯಲ್ಲೇ ಹೇಳುತ್ತಾರೆ. ರೈತನಿಗೆ ತಪ್ಪು ಸಸಿ ಹೋದರೆ ಗೊತ್ತಾಗುವುದು ಎಷ್ಟು ವರ್ಷ ಕಳೆದ ಮೇಲೆ ಅಲ್ವಾ? ಆ ಮಗಳು ಮರದ ಕೆಲಸಕ್ಕೆ ಹೋದರೆ ನಮ್ಮಂಥವರಿಗೆಲ್ಲ ಉಪಕಾರ.

ಒಂದು ಮಾತ್ರ ಕೇಳಿಕೊಳ್ಳಿ. ಮರಗಳು ಈಗಾಗಲೇ ತೋಟದಲ್ಲಿ ಉಂಟಾ, ಇಲ್ಲ ನೀವು ಹೋಗಿ ನೆಡಬೇಕಾ? ಐದು ವರ್ಷದ ಫೆಲೋಶಿಪ್ಪಿನಲ್ಲಿ ನೆಟ್ಟು ಫಲ ನೋಡಲು ಆಗುವುದಿಲ್ಲ.

ಪೆರ್ಲದ ಹುಡುಗಿ:

ಅಕ್ಕ, ಮಾವ, ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕುಳಿತು ನೀವು ಹೇಳಿದ ಹಾಗೆ ಮಾಡಿದೆ. 31ರವರ ಲಿಸ್ಟಿನಲ್ಲಿ ಮೊದಲ ಹೆಸರು ಹೆಚ್ಚಿನವು ವಿದ್ಯಾರ್ಥಿಗಳದ್ದೇ, ಶೋಧಗಂಗಾದ ಥೀಸಿಸ್‌ಗೆ ತಾಳೆಯಾಗುತ್ತದೆ. 140ರವರದ್ದರಲ್ಲಿ ಅವರು ತುಂಬಾ ಕಡೆ ನಡುವಿನಲ್ಲಿದ್ದಾರೆ. ಕೆಲವು ಪತ್ರಿಕೆಗಳ ಹೆಸರು ನಾನು ಕೇಳಿಯೇ ಇಲ್ಲ, ಹುಡುಕಿದರೆ ಪೇಪರ್ ಹಾಕಲು ದುಡ್ಡು ಕೊಡಬೇಕು ಅಂತ ಉಂಟು. ದುಡ್ಡು ತೆಗೆದುಕೊಂಡರೆ ಕೆಟ್ಟ ಪತ್ರಿಕೆ ಅಂತಲಾ? ಮತ್ತೆ 31ರವರ ಪೇಪರ್ ದೊಡ್ಡ ಹೆಸರಿನ ಪತ್ರಿಕೆಯಲ್ಲಿ ಒಂದೂ ಇಲ್ಲ. ಅದು ತೊಂದರೆಯಾ?

ನೀರ್ಚಾಲು ಅಕ್ಕ:

ದುಡ್ಡು ತೆಗೆದುಕೊಳ್ಳುವುದೆಲ್ಲ ಕೆಟ್ಟದ್ದಲ್ಲ. ನೇಚರ್ ಕಮ್ಯುನಿಕೇಶನ್ಸ್ ಕೂಡ ತೆಗೆದುಕೊಳ್ಳುತ್ತದೆ, ಓದುವವರಿಗೆ ಪುಕ್ಕಟೆ ಸಿಗಲಿ ಅಂತ. ಕೆಟ್ಟದ್ದು ಗೊತ್ತಾಗುವುದು ಬೇರೆ ರೀತಿ. ಪೇಪರಿನ ಮೊದಲ ಪುಟದಲ್ಲಿ ಬಂದ ದಿನ, ಒಪ್ಪಿಕೊಂಡ ದಿನ ಅಂತ ಎರಡು ತಾರೀಖು ಇರುತ್ತದೆ. ನಡುವೆ ನಾಲ್ಕೈದೇ ದಿನ ಇದ್ದರೆ ಯಾರೂ ಸರಿಯಾಗಿ ಓದಿಲ್ಲ ಅಂತ ತಿಳಿ. ಪತ್ರಿಕೆ ಪಬ್‌ಮೆಡ್ ಎಂಬ ಆನ್‌ಲೈನ್ ಸೂಚಿಯಲ್ಲಿ ಉಂಟಾ ನೋಡು. ಡಿಎನ್‌ಎ ಸೀಕ್ವೆನ್ಸ್ ಮಾಡಿದ್ದೇವೆ ಅಂತ ಬರೆದವರು ಅದನ್ನು ಜೆನ್‌ಬ್ಯಾಂಕ್ ಎಂಬ ಎಲ್ಲರಿಗೂ ತೆರೆದ ಡಿಎನ್‌ಎ ಭಂಡಾರಕ್ಕೆ ಹಾಕಿ ನಂಬರ್ ಕೊಟ್ಟಿರಬೇಕು. ಆ ನಂಬರ್ ಹಾಕಿ ತೆರೆದು ನೋಡು. ತೆರೆಯದಿದ್ದರೆ ನನಗೆ ಆ ಪೇಪರಿನ ಮೇಲೆ ನಂಬಿಕೆ ಬರುವುದಿಲ್ಲ. ಗೈಡಿನ ಹೆಸರನ್ನು ಪಬ್‌ಪಿಯರ್ ಎಂಬ ವೆಬ್‌ಸೈಟಿನಲ್ಲೂ ಹಾಕು. ಒಂದೇ ಚಿತ್ರವನ್ನು ಎರಡು ಕಡೆ ಬಳಸಿದ್ದು ಇತ್ಯಾದಿ ಇದ್ದರೆ ಅಲ್ಲಿ ಚರ್ಚೆಯಾಗಿರುತ್ತದೆ.

ದೊಡ್ಡ ಹೆಸರಿನ ಪತ್ರಿಕೆ ಇಲ್ಲ ಅಂತ ಬೇಸರ ಮಾಡಬೇಡ. ನನ್ನ ಭತ್ತದ ಕಡೆಯಿಂದ ಒಂದು ಹೇಳುತ್ತೇನೆ. ಸಾಂಬಾ ಮಸೂರಿ ಅಕ್ಕಿ ಊಟಕ್ಕೆ ಒಳ್ಳೆಯದು, ಆದರೆ ಆ ಭತ್ತಕ್ಕೆ ದುಂಡಾಣು ಅಂಗಮಾರಿ ರೋಗ ಬಂದರೆ ಎಲೆ ತುದಿಯಿಂದ ಒಣಗುತ್ತಾ ಬಂದು ಗದ್ದೆ ಹುಲ್ಲಾಗುತ್ತದೆ. ಹೈದರಾಬಾದಿನ ಸಿಸಿಎಂಬಿಯವರೂ ಭತ್ತ ಸಂಶೋಧನಾ ನಿರ್ದೇಶನಾಲಯದವರೂ ಸೇರಿ ಮೂರು ನಿರೋಧಕ ಜೀನ್‌ಗಳನ್ನು ಸಾಂಬಾ ಮಸೂರಿಗೆ ತಂದರು. ಬೇರೆ ತಳಿಯ ಜೊತೆ ಕೂಡಿಸಿ, ಪ್ರತಿ ತಲೆಮಾರಿನಲ್ಲೂ ಎಳೆಯ ಗಿಡದ ಎಲೆಯಿಂದ ಡಿಎನ್‌ಎ ತೆಗೆದು ಮೂರೂ ಜೀನ್ ಬಂದವನ್ನು ಮಾತ್ರ ಇಟ್ಟುಕೊಂಡು, ಮತ್ತೆ ಮತ್ತೆ ಸಾಂಬಾ ಮಸೂರಿಗೇ ಕೂಡಿಸುತ್ತಾ ಹೋದರು. ರುಚಿ ಅದೇ ಉಳಿಯಿತು, ರೋಗ ತಡೆಯಿತು. 2008ರಲ್ಲಿ ತಳಿ ಬಿಡುಗಡೆಯಾಯಿತು. ಅದೇ ವರ್ಷ ಅದರ ಪೇಪರ್ ಬಂದದ್ದು ಯೂಫಿಟಿಕಾದಲ್ಲಿ. ತಳಿ ಬೆಳೆಸುವವರು ಓದುವ ಪತ್ರಿಕೆ ಅದು, ಟಿವಿಯವರು ಹುಡುಕಿಕೊಂಡು ಬರುವಂಥದ್ದಲ್ಲ. ಆದರೆ ಬೀಜ ರೈತರ ಗದ್ದೆಗೆ ಹೋಯಿತು. ಮರದ ಮೇಲೆ ಕೆಲಸ ಮಾಡುವವರ ಪೇಪರ್ ಕೂಡ ಇಂಥ ಪತ್ರಿಕೆಗಳಿಗೇ ಹೋಗುವುದು ಜಾಸ್ತಿ. ಯಾರು ಓದಬೇಕೋ ಅವರು ಅಲ್ಲಿ ಓದುತ್ತಾರೆ.

ಬಾರ್ಬರಾ ಮೆಕ್‌ಕ್ಲಿಂಟಾಕ್ ಬಗ್ಗೆ ನೀನು ಓದಿಯೇ ಇರುತ್ತೀಯ. ಮೆಕ್ಕೆಜೋಳದ ಜೀನ್‌ಗಳು ಜಾಗ ಬದಲಾಯಿಸುತ್ತವೆ ಅಂತ 1950ರಲ್ಲಿ ಬರೆದರು. ಜನ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಆಮೇಲೆ ಅವರು ಆ ವಿಷಯವನ್ನು ಹೆಚ್ಚಾಗಿ ತಮ್ಮ ಸಂಸ್ಥೆಯ ವಾರ್ಷಿಕ ಪುಸ್ತಕದಲ್ಲೇ ಬರೆಯುತ್ತಾ ಹೋದರು. 1983ರಲ್ಲಿ ನೊಬೆಲ್ ಬಂತು, ಬೇರೆ ಯಾರ ಜೊತೆಗೂ ಹಂಚದೆ. ಅವರಂಥವರು ಅಪರೂಪ, ಅದನ್ನು ನೋಡಿ ಪೇಪರ್ ಬೇಡ ಅಂತ ಅರ್ಥ ಮಾಡಬೇಡ. ನಿನಗೆ ಪೇಪರ್ ಬೇಕು. ಥೀಸಿಸ್ ಕೊಡುವ ಮೊದಲು ಪೇಪರ್ ಇರಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದದ್ದು ಹೌದು, ಆದರೆ ಮುಂದೆ ಕೆಲಸ ಹುಡುಕುವಾಗ ಎಲ್ಲರೂ ಕೇಳುವುದು ಅದನ್ನೇ. ಮೊದಲ ಹೆಸರಿನ ಒಂದೆರಡು ಗಟ್ಟಿ ಪೇಪರ್ ಸಾಕು.

ಕುಂಬಳೆಯವರು ಕೇಳಿದ ಪ್ರಶ್ನೆ ಬಹಳ ಮುಖ್ಯ. ಅದನ್ನು ಗೈಡ್ ಹತ್ತಿರ ನೇರವಾಗಿ ಕೇಳು: "ಸರ್, ನನ್ನ ಕೆಲಸಕ್ಕೆ ಬೇಕಾದ ಮರಗಳು ಈಗ ಎಷ್ಟು ವರ್ಷದವು? ಅವುಗಳ ಇಳುವರಿ ಲೆಕ್ಕ ಯಾವ ವರ್ಷದಿಂದ ಉಂಟು?" ಹಳೆಯ ಲೆಕ್ಕ ಇದ್ದರೆ ನೀನು ಮೊದಲ ವರ್ಷವೇ ಎಲೆ ತಂದು ಡಿಎನ್‌ಎ ತೆಗೆಯಲು ಶುರು ಮಾಡಬಹುದು. ತೆಂಗಿನ ಎಲೆ, ಅಡಿಕೆ ಎಲೆಯಿಂದ ಶುದ್ಧ ಡಿಎನ್‌ಎ ತೆಗೆಯುವುದು ಸುಲಭ ಅಲ್ಲ, ಅಂಟಂಟು ಪದಾರ್ಥ ಜಾಸ್ತಿ ಇರುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಸುಳಿಯ ಎಳೆ ಎಲೆ ತೆಗೆದುಕೊಂಡರೆ ವಾಸಿ. ಅಲ್ಲಿಯ ಸೀನಿಯರ್‌ಗಳಿಗೆ ಇದು ಕೈವಶ ಆಗಿರಬೇಕು, ಅವರಿಂದ ಕಲಿ.

ಹಾಗೆಯೇ ಆ ಲ್ಯಾಬಿನಿಂದ ಹೊರಗೆ ಹೋದವರಲ್ಲಿ ಇಬ್ಬರಿಗೆ ಮೇಲ್ ಹಾಕು. ಈಗ ಒಳಗೆ ಇರುವವರು ಪೂರ್ತಿ ಬಿಚ್ಚಿ ಹೇಳಲಾರರು, ಅವರನ್ನು ಇಕ್ಕಟ್ಟಿಗೆ ಹಾಕಬೇಡ. ಪ್ರಯೋಗ ಫೇಲಾದಾಗ ಗೈಡ್ ಎಂತ ಮಾಡುತ್ತಿದ್ದರು, ನೀನು ಬರೆದ ಡ್ರಾಫ್ಟ್ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ, ರಜೆಗೆ ಊರಿಗೆ ಬಿಡುತ್ತಾರಾ, ಇಷ್ಟು ಕೇಳು. ಕನ್ನಡದವರೋ ಮಲಯಾಳದವರೋ ಆದರೆ ಫೋನ್ ನಂಬರ್ ತೆಗೆದುಕೊಂಡು ಮಾತಾಡು, ಬರೆಯದ ವಿಷಯ ಮಾತಿನಲ್ಲಿ ಬರುತ್ತದೆ.

ಅಪ್ಪನಿಗೂ ಎರಡೂ ಲಿಸ್ಟ್ ತೋರಿಸು. ತೋಟ ಮಾಡುವವರಿಗೆ ಮರದ ಸಮಯ ಗೊತ್ತುಂಟು, ಅವರಿಗೆ ಬೇಗ ಅರ್ಥ ಆಗುತ್ತದೆ. ಈ ತಿಂಗಳ ಕೊನೆ ಅಂದರೆ ಇನ್ನೂ ಸಮಯ ಉಂಟು. ಭಾನುವಾರ ಬದಿಯಡ್ಕ ಕಡೆ ಬರುವುದಿದ್ದರೆ ಹೇಳು, ಲ್ಯಾಪ್‌ಟಾಪ್ ತೆಗೆದುಕೊಂಡು ಮನೆಗೆ ಬಾ. 31ರವರ ಕೊನೆಯ ಮೂರು ಪೇಪರನ್ನು ಒಟ್ಟಿಗೆ ಕುಳಿತು ಓದುವ.